ಗೋದಲಿಯ ಸಂತ ಫ್ರಾನ್ಸಿಸರು

ದೇಶದೇಶಗಳಿಂದ ಬಂದು ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳಿಗೆ ಡಿಸೆಂಬರಿನಲ್ಲಿ ಚಳಿಗಾಲದ ಹಬ್ಬಗಳನ್ನೇ ಪಾಠವಾಗಿ ಬೋಧಿಸುವ ರೂಢಿಯುಂಟು. ಹಿಮ, ದೀಪ ತೂಗಿದ ಮರ, ಉಡುಗೊರೆ, ಕೆಂಪಂಗಿಯ ಕ್ರಿಸ್ಮಸ್ ತಾತ, ಇವೇ ಆ ಪಾಠದ ಶಬ್ದಭಂಡಾರ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂಥ ಊರಿನಿಂದ ಓದಲು ಹೊರಟ ನಮ್ಮ ಮಕ್ಕಳಿಗೆ ಇವುಗಳಲ್ಲಿ ಯಾವುದೂ ಹಿತ್ತಿಲ ವಸ್ತುವಲ್ಲ. ಇಲ್ಲಿ ಡಿಸೆಂಬರ್ ಎಂದರೆ ರಾಗಿಯ ಕಣ, ಹುಲ್ಲಿನ ಬಣವೆ, ಅವರೆಕಾಯಿಯ ಸೊಗಡು. ಆದರೂ ಅದೇ ಪಾಠದಲ್ಲಿ ಬರುವ ಕ್ರಿಬ್ ಎಂಬ ಪದ ಅವರಿಗೆ ಪರಕೀಯವಾಗಬೇಕಾಗಿಲ್ಲ. ಇಂದು ಅದಕ್ಕೆ ಕೂಸಿನ ಮಂಚವೆಂಬ ಅರ್ಥವೂ ಇದೆ; ಹಳೆಯ ಅರ್ಥ ಮಾತ್ರ ದನಗಳಿಗೆ ಮೇವು ಹಾಕುವ ತೊಟ್ಟಿ, ನಮ್ಮ ಗೋದಲಿ. ಈ ಗೋದಲಿಯನ್ನು ಕ್ರಿಸ್ತ ಜಯಂತಿಯ ನಡುಮನೆಗೆ ತಂದವರು ಅಸ್ಸಿಸಿಯ ಸಂತ ಫ್ರಾನ್ಸಿಸರು.

ಇಟಲಿಯ ಅಸ್ಸಿಸಿ ಪಟ್ಟಣದಲ್ಲಿ 1181 ಅಥವಾ 1182ರಲ್ಲಿ ಅವರ ಜನನ. ತಂದೆ ಪಿಯೆತ್ರೊ ಬರ್ನಾರ್ದೊನೆ ಬಟ್ಟೆಯ ದೊಡ್ಡ ವ್ಯಾಪಾರಿ. ಮಗುವಿಗೆ ಯೊವಾನ್ನನೆಂದು ಸ್ನಾನದೀಕ್ಷೆಯ ಹೆಸರಾಯಿತು. ಫ್ರಾನ್ಸ್ ದೇಶದ ವ್ಯಾಪಾರದಿಂದ ಹಿಂದಿರುಗಿದ ತಂದೆ ಅದನ್ನು ಫ್ರಾಂಚೆಸ್ಕೊ ಎಂದು ಬದಲಿಸಿದರು. ಹೆಸರಿಗೆ ತಕ್ಕಂತೆ ಫ್ರೆಂಚ್ ಭಾಷೆಯ ಮೇಲೆ ಈ ತರುಣನಿಗೆ ಅಪಾರ ಒಲವು. ಆ ಭಾಷೆ ಸರಿಯಾಗಿ ಬಾರದಿದ್ದರೂ ಸಂತೋಷ ಉಕ್ಕಿದಾಗ ಅದರಲ್ಲಿಯೇ ಹಾಡುತ್ತಿದ್ದರೆಂದು ಅವರ ಒಡನಾಡಿಗಳ ಪರಂಪರೆ ತಿಳಿಸುತ್ತದೆ. ಲತೀನಿನಲ್ಲಿಯೂ ಅವರು ಪಂಡಿತರಲ್ಲ. ಸಹೋದರ ಲಿಯೋಗೆ ಸ್ವಹಸ್ತದಿಂದ ಬರೆದ, ಸ್ಪೊಲೆತೊದಲ್ಲಿ ಇಂದಿಗೂ ಉಳಿದಿರುವ ಪತ್ರದಲ್ಲಿ ವ್ಯಾಕರಣದ ತಪ್ಪುಗಳಿವೆ. ಪರಭಾಷೆಯ ತರಗತಿಯಲ್ಲಿ ತಪ್ಪು ಮಾಡಿ ತಲೆತಗ್ಗಿಸುವ ಮಕ್ಕಳಿಗೆ ಈ ಸಂಗತಿಯನ್ನು ತಾಯಂದಿರು ಹೇಳಬಹುದು.

1202ರಲ್ಲಿ ನೆರೆಯ ಪೆರೂಜ ಪಟ್ಟಣದೊಡನೆ ನಡೆದ ಕಾಳಗದಲ್ಲಿ ಅವರು ಸೆರೆಯಾದರು. ಬಿಡುಗಡೆಯ ನಂತರ ದೀರ್ಘ ಕಾಯಿಲೆ. ವೀರಯೋಧನಾಗುವ ಹಂಬಲ ಅಲ್ಲಿಗೆ ಇಳಿಯಿತು. ಕುಷ್ಠರೋಗಿಗಳ ಸೇವೆ, ಪಾಳುಬಿದ್ದ ಸಂತ ದಮಿಯಾನೊ ಗುಡಿಯಲ್ಲಿ ಪ್ರಾರ್ಥನೆ, ಅದರ ದುರಸ್ತಿಗೆಂದು ತಂದೆಯ ಬಟ್ಟೆಗಳ ಮಾರಾಟ, ತಂದೆಯ ಉಗ್ರ ಕೋಪ, ಕಡೆಗೆ ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ಉಟ್ಟ ಬಟ್ಟೆಯನ್ನೂ ಕಳಚಿ ತಂದೆಗೊಪ್ಪಿಸಿ ಹೊರನಡೆದದ್ದು, ಇವೆಲ್ಲ ನಮ್ಮ ಓದುಗರು ಬಲ್ಲ ಕಥೆಗಳೇ. 1209ರಲ್ಲಿ ಜಗದ್ಗುರು 3ನೆಯ ಇನ್ನೊಸೆಂಟರು ಅವರ ಪುಟ್ಟ ಬಳಗಕ್ಕೆ ಬಾಯಿಮಾತಿನ ಅನುಮತಿ ಕೊಟ್ಟರು. 1219ರಲ್ಲಿ, ಶಿಲುಬೆಯ ಯುದ್ಧ ನಡೆಯುತ್ತಿರುವಾಗಲೇ, ಫ್ರಾನ್ಸಿಸರು ಈಜಿಪ್ಟಿನ ದಮಿಯೆತ್ತದ ಬಳಿ ನಿರಾಯುಧರಾಗಿ ಸುಲ್ತಾನ ಅಲ್ ಕಾಮಿಲನನ್ನು ಕಂಡು ಸುರಕ್ಷಿತರಾಗಿ ಮರಳಿದರು. ಅಷ್ಟು ಹೊತ್ತಿಗೆ ಬಳಗ ಸಾವಿರಾರು ಜನರ ಸಂಸ್ಥೆಯಾಗಿತ್ತು. ಬಡತನದ ನಿಯಮ ಎಷ್ಟು ಕಟ್ಟುನಿಟ್ಟಾಗಿರಬೇಕೆಂಬ ವಿಷಯದಲ್ಲಿ ಶಿಷ್ಯರಲ್ಲೇ ಭಿನ್ನಾಭಿಪ್ರಾಯ ತಲೆದೋರಿತ್ತು. 1223ರ ನವೆಂಬರ್ 29ರಂದು ಜಗದ್ಗುರು 3ನೆಯ ಹೊನೋರಿಯುಸರು ಅಂತಿಮ ನಿಯಮಾವಳಿಗೆ ಮುದ್ರೆಯೊತ್ತಿದರು. ದಣಿದ ದೇಹ, ನೋಯುವ ಕಣ್ಣು, ತನ್ನದೇ ಸಂಸ್ಥೆಯೊಳಗಿನ ಚರ್ಚೆಗಳಿಂದ ಬಳಲಿದ ಮನಸ್ಸು. ಹೀಗಿದ್ದ ಮನುಷ್ಯ ಮುಂದಿನ ತಿಂಗಳೇ ಹುಲ್ಲು ತರಿಸಿದರೆಂಬುದನ್ನು ನಾವು ಗಮನಿಸಬೇಕು.

ಗ್ರೆಚ್ಚೊ ಎಂಬುದು ರಿಯೇತಿ ಕಣಿವೆಯ ಮೇಲಣ ಒಂದು ಹಳ್ಳಿ. ಅಲ್ಲಿನ ಯೊವಾನ್ನಿ ಎಂಬ ಕುಲೀನ ಗೃಹಸ್ಥರನ್ನು ಫ್ರಾನ್ಸಿಸರು ಹಬ್ಬಕ್ಕೆ ಸುಮಾರು 15 ದಿನ ಮುಂಚೆ ಕರೆಸಿ, ಬೆತ್ಲೆಹೇಮಿನ ಕೂಸು ಪಟ್ಟ ಇಕ್ಕಟ್ಟನ್ನು ತಮ್ಮ ಕಣ್ಣಿನಿಂದಲೇ ನೋಡಬೇಕೆಂದು ಕೇಳಿಕೊಂಡರು. ಗೋದಲಿ ಬಂತು, ಹುಲ್ಲು ಬಂತು, ಎತ್ತು, ಕತ್ತೆ ಬಂದವು. ಹಳ್ಳಿಯ ಗಂಡಸರು, ಹೆಂಗಸರು ದೀವಟಿಗೆ ಹಿಡಿದು ಕಾಡುದಾರಿಯಲ್ಲಿ ನಡೆದು ಬಂದರು. ಗೋದಲಿಯ ಮೇಲೆಯೇ ಬಲಿಪೂಜೆ ನೆರವೇರಿತು. ಉಪಯಾಜಕರಾಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ ಪ್ರಬೋಧನೆ ಮಾಡಿದರು. ಬೆತ್ಲೆಹೇಮ್ ಎಂಬ ಹೆಸರನ್ನು ಕುರಿಮರಿ ಕೂಗಿದಂತೆ ಎಳೆದು ಉಚ್ಚರಿಸಿದರೆಂದೂ, ಯೇಸುವಿನ ಹೆಸರು ಬಂದಾಗ ಸಿಹಿ ತಿಂದವರಂತೆ ತುಟಿ ಸವರಿಕೊಂಡರೆಂದೂ ಮೊದಲ ಚರಿತ್ರೆಕಾರ ಚೆಲಾನೊದ ತೋಮಸರು ದಾಖಲಿಸಿದ್ದಾರೆ. ಗಂಭೀರ ಪ್ರಕೃತಿಯ ನಮ್ಮಂಥ ಪ್ರಬೋಧಕರಿಗೆ ಇದು ಸ್ವಲ್ಪ ಮುಜುಗರದ ವಿವರ.

ಕ್ರಿಸ್ತ ಜನನದ ಚಿತ್ರಗಳೂ ದೇವಾಲಯದ ನಾಟಕಗಳೂ ಅವರಿಗಿಂತ ಮುಂಚೆಯೇ ಇದ್ದವು. ಹೊಸತೇನೆಂದರೆ, ಗ್ರೆಚ್ಚೊದಲ್ಲಿ ಬೊಂಬೆಗಳ ಪ್ರಸ್ತಾಪವೇ ಇಲ್ಲ, ಗೋದಲಿ ಬರಿದಾಗಿತ್ತು. ಅದರಲ್ಲಿ ಮಲಗಿದ ಕೂಸೊಂದನ್ನು ಫ್ರಾನ್ಸಿಸರು ನಿದ್ದೆಯಿಂದೆಬ್ಬಿಸುವಂತೆ ಅಲ್ಲಿದ್ದ ಭಕ್ತನೊಬ್ಬನಿಗೆ ದರ್ಶನವಾಯಿತೆಂದು ಚರಿತ್ರೆ ಹೇಳುತ್ತದೆ. ಬಲಿಪೂಜೆಯ ಲತೀನ್ ಆ ರೈತರಿಗೆ ತಿಳಿಯುತ್ತಿರಲಿಲ್ಲ. ಹುಲ್ಲಿನ ವಾಸನೆ, ಎತ್ತಿನ ಉಸಿರು ತಿಳಿಯುತ್ತಿದ್ದವು. ತತ್ತ್ವಶಾಸ್ತ್ರದಲ್ಲಿ ಒಂದು ಹಳೆಯ ಸೂತ್ರವಿದೆ: ಇಂದ್ರಿಯಗಳನ್ನು ಹಾದುಬಾರದ ಯಾವುದೂ ಬುದ್ಧಿಗೆ ನಿಲುಕದು. ಅದನ್ನು ಗುರುಮಠದಲ್ಲಿ ನಾವು ವರ್ಷಗಟ್ಟಲೆ ಓದಿದೆವು. ಫ್ರಾನ್ಸಿಸರು ಒಂದು ರಾತ್ರಿಯಲ್ಲಿ ಮಾಡಿ ತೋರಿಸಿದರು.

ನಮ್ಮ ನಾಡಿನಲ್ಲಿಯೂ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ, ಅಂದರೆ 1960ರ ದಶಕದವರೆಗೆ, ಬಲಿಪೂಜೆ ಲತೀನಿನಲ್ಲಿಯೇ ನಡೆಯುತ್ತಿತ್ತು. ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಮಾತಾಡುವವರು ಒಟ್ಟಿಗೆ ಬಾಳಿದ ಕೋಲಾರದ ಚಿನ್ನದ ಗಣಿಯ ಕಾಲೊನಿಗಳಲ್ಲಿ, ಯಾವ ಭಾಷಾಂತರವೂ ಇಲ್ಲದೆ ಎಲ್ಲರಿಗೂ ಅರ್ಥವಾಗುತ್ತಿದ್ದದ್ದು ಗೋದಲಿಯೇ. ಈಗ ಪೂಜೆ ನಮ್ಮ ನುಡಿಗೆ ಬಂದಿದೆ. ಗೋದಲಿಯೇ ಪರಭಾಷೆಯಾಗುತ್ತಿದೆಯೋ ಎಂಬ ಆತಂಕ ನಮ್ಮದು. ಥರ್ಮಾಕೋಲಿನ ಬೆಟ್ಟ, ಹತ್ತಿಯ ಹಿಮ, ಸೀರಿಯಲ್ ಸೆಟ್ಟಿನ ಮಿನುಗು, ಮೇಲಾಗಿ ಬಹುಮಾನದ ಸ್ಪರ್ಧೆ. ಮಕ್ಕಳ ಉತ್ಸಾಹಕ್ಕೆ ನಾವು ಅಡ್ಡಿಯಲ್ಲ. ಆದರೆ ಮನೆಯ ಹಿಂದೆ ರಾಗಿಹುಲ್ಲಿನ ಬಣವೆಯಿರುವಾಗ ಅಂಗಡಿಯಿಂದ ಪ್ಲಾಸ್ಟಿಕ್ ಹುಲ್ಲು ಕೊಳ್ಳುವುದೇಕೆ?

ಕ್ರಿಸ್ತ ಜಯಂತಿಯಂದು ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕು, ಹಕ್ಕಿಗಳಿಗಾಗಿ ದಾರಿಯಲ್ಲಿ ಕಾಳು ಚೆಲ್ಲಬೇಕು, ಬಡವರಿಗೆ ಹೊಟ್ಟೆತುಂಬ ಉಣಬಡಿಸಬೇಕು. ಚಕ್ರವರ್ತಿಯನ್ನು ಕಂಡರೆ ಹಾಗೆ ಕಾನೂನು ಮಾಡಿಸುವುದಾಗಿ ಫ್ರಾನ್ಸಿಸರು ಹೇಳುತ್ತಿದ್ದರಂತೆ. ಹಬ್ಬ ಶುಕ್ರವಾರ ಬಂದುದರಿಂದ ಮಾಂಸ ವರ್ಜ್ಯವೇ ಎಂದು ಶಂಕಿಸಿದ ಶಿಷ್ಯನನ್ನು ಗದರಿ, ಆ ದಿನ ಗೋಡೆಗಳೂ ಮಾಂಸ ತಿನ್ನಬೇಕೆಂದರಂತೆ. ಸಂಕ್ರಾಂತಿಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಪೊಂಗಲ್ ತಿನ್ನಿಸುವ ನಮ್ಮ ರೈತನಿಗೆ ಇದು ಒಡನೆ ತಿಳಿಯುವ ಮಾತು. ಪರದೇಶದ ತರಗತಿಯಲ್ಲಿ ನಿಮ್ಮ ಊರಿನ ಚಳಿಗಾಲದ ಹಬ್ಬ ಯಾವುದೆಂದು ಕೇಳಿದರೆ ನಮ್ಮ ಮಕ್ಕಳು ಹಿಮವನ್ನು ಎರವಲು ತರಬೇಕಿಲ್ಲ.

1224ರಲ್ಲಿ ಲಾ ವೆರ್ನ ಬೆಟ್ಟದಲ್ಲಿ ಫ್ರಾನ್ಸಿಸರ ದೇಹದ ಮೇಲೆ ಪ್ರಭುವಿನ ಪಂಚಗಾಯಗಳು ಮೂಡಿದವು. ಕಣ್ಣು ಬಹುಮಟ್ಟಿಗೆ ಕುರುಡಾದ ಕಾಲದಲ್ಲಿ ಸೂರ್ಯ ಚಂದ್ರ ನೀರುಗಳನ್ನು ಒಡಹುಟ್ಟಿದವರೆಂದು ಕರೆಯುವ ಸ್ತುತಿಗೀತೆಯನ್ನು ತಮ್ಮ ಸೀಮೆಯ ಆಡುಮಾತಿನಲ್ಲಿಯೇ ಕಟ್ಟಿದರು. ಇಟಲಿಯ ಸಾಹಿತ್ಯಚರಿತ್ರೆ ಆರಂಭವಾಗುವುದು ಬಹುಶಃ ಅಲ್ಲಿಂದಲೇ. 1226ರ ಅಕ್ಟೋಬರ್ 3ರ ಸಂಜೆ ಬರಿನೆಲದ ಮೇಲೆ ಮಲಗಿ ಪ್ರಾಣಬಿಟ್ಟರು. ಎರಡು ವರ್ಷ ತುಂಬುವ ಮೊದಲೇ, 1228ರ ಜುಲೈ 16ರಂದು, ಅವರನ್ನು ಸಂತರೆಂದು ಘೋಷಿಸಲಾಯಿತು. ಅವರ ಹೆಸರನ್ನೇ ಧರಿಸಿದ ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಗ್ರೆಚ್ಚೊಗೆ ಹೋಗಿ, ಗೋದಲಿಯ ಅರ್ಥವನ್ನು ಕುರಿತ ಪತ್ರಕ್ಕೆ ಅಲ್ಲಿಯೇ ಸಹಿ ಹಾಕಿದರು.

ಗೋದಲಿಯಿದ್ದ ಜಾಗದಲ್ಲಿ ಮುಂದೆ ಬಲಿಪೀಠ ಕಟ್ಟಿದರು. ಆ ರಾತ್ರಿ ಹಾಸಿದ್ದ ಹುಲ್ಲನ್ನು ಜನ ಬಿಸಾಡಲಿಲ್ಲ. ಜೋಪಾನವಾಗಿಟ್ಟು, ಕಾಯಿಲೆ ಬಿದ್ದ ದನಗಳಿಗೆ ತಿನ್ನಿಸಿದರು. ಹೆರಿಗೆ ಕಷ್ಟವಾದ ಹೆಂಗಸರ ಮೈಮೇಲೆ ಇರಿಸಿದರು.