ಬಿಟ್ಟ ದೊರೆ, ಬಿಡದ ದಂಡನಾಯಕ

ನಮ್ಮ ಮಲೆಬೆನ್ನೂರು, ದಾವಣಗೆರೆ ಕಡೆಯವರಿಗೆ ಹರಪನಹಳ್ಳಿ ಸೀಮೆಯ ಉಚ್ಚಂಗಿದುರ್ಗ ಎಂದರೆ ಅಮ್ಮನ ಗುಡ್ಡ. ಸಾವಿರ ವರ್ಷಗಳ ಹಿಂದೆ ಅದು ನೊಳಂಬರ ಕೋಟೆ. ಆ ಕೋಟೆಯ ಕಾಳಗದಲ್ಲಿ ಹೆಸರು ಮಾಡಿದ ಗಂಗರ ದಂಡನಾಯಕನೇ ಚಾವುಂಡರಾಯ.

ಅವನ ದೊರೆ ಇಮ್ಮಡಿ ಮಾರಸಿಂಹನೂ ಸಾಮಾನ್ಯನಲ್ಲ. ನೊಳಂಬರನ್ನು ಸೋಲಿಸಿ ನೊಳಂಬಕುಲಾಂತಕ ಎನಿಸಿಕೊಂಡವನು. 973ರಲ್ಲಿ ತೈಲಪನಿಂದ ರಾಷ್ಟ್ರಕೂಟರ ಆಳ್ವಿಕೆ ಕುಸಿದಾಗ, ತನ್ನ ಸೋದರಳಿಯ ಇಂದ್ರನನ್ನು ಪಟ್ಟಕ್ಕೆ ಕೂರಿಸಲು ಹೆಣಗಿದ. ಆದರೆ ಸ್ವಲ್ಪ ಕಾಲದಲ್ಲೇ ರಾಜ್ಯವನ್ನೇ ತೊರೆದು, ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ.

ಚಾವುಂಡರಾಯನಿಗೂ ಅದೇ ಅಜಿತಸೇನರೇ ಗುರು. ಆದರೆ ಇವನ ಸ್ವಭಾವವೇ ಬೇರೆ. ತಮ್ಮ ನಾಗವರ್ಮನನ್ನು ಕೊಂದವರನ್ನು ಹುಡುಕಿ ಸೇಡು ತೀರಿಸಿಕೊಂಡ. ಸಮರಪರಶುರಾಮ ಎಂಬ ಬಿರುದು ಬಂದದ್ದು ಹಾಗೆ. ದೊರೆ ಹೋದ ಮೇಲೆ ರಾಜ್ಯದ ಭಾರವೆಲ್ಲ ಇವನ ಹೆಗಲಿಗೆ ಬಿತ್ತು. ಕತ್ತಿ ಕೈಯಲ್ಲಿದ್ದರೂ ತಾನು ಸಿಂಹಾಸನ ಏರದೆ, ನಾಲ್ವಡಿ ರಾಚಮಲ್ಲನ ಮಂತ್ರಿಯಾಗಿ, ಸೇನಾಪತಿಯಾಗಿ ದುಡಿದ.

ಆ ಗಡಿಬಿಡಿಯ ನಡುವೆಯೇ 978ರಲ್ಲಿ ಚಾವುಂಡರಾಯ ಪುರಾಣ ಬರೆದು ಮುಗಿಸಿದ. ಕನ್ನಡದ ಹಳೆಯ ಗದ್ಯಕೃತಿಗಳಲ್ಲಿ ಅದೂ ಒಂದು. ಓದಲೆಂದು ಮುಧೋಳದಿಂದ ಬಂದ ಬಳೆಗಾರರ ಹುಡುಗ ರನ್ನನಿಗೆ ಆಸರೆಯಾದವನೂ ಇವನೇ. ಆ ಹುಡುಗ ಮುಂದೆ ಕವಿಚಕ್ರವರ್ತಿಯಾದ.

ಇಷ್ಟೆಲ್ಲ ಹಟದ ಮನುಷ್ಯ ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ 58 ಅಡಿ ಎತ್ತರದಲ್ಲಿ ನಿಲ್ಲಿಸಿದ್ದು ಯಾರನ್ನು? ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ಗೆದ್ದದ್ದನ್ನೆಲ್ಲ ಬಿಟ್ಟು ನಡೆದ ಬಾಹುಬಲಿಯನ್ನು! ಆ ಮೂರ್ತಿಯ ಮೊದಲ ಅಭಿಷೇಕದಲ್ಲಿ ಅವನ ಕೊಡಗಟ್ಟಲೆ ಹಾಲು ಕೆಳಗಿಳಿಯಲಿಲ್ಲ, ಗುಳ್ಳಕಾಯಜ್ಜಿಯ ಪುಟ್ಟ ಪಾತ್ರೆಯ ಹಾಲು ಪಾದ ಮುಟ್ಟಿತು ಎಂದು ಜನ ಇಂದಿಗೂ ಹೇಳುತ್ತಾರೆ. ಹಟದ ಜೊತೆ ಅಹಂಕಾರವೂ ಬೆಳೆಯುತ್ತದೆ ಎಂಬುದು ಆ ಕಥೆಗೆ ಗೊತ್ತು.

ಕ್ಯಾಂಪಸ್ ಸಂದರ್ಶನದಲ್ಲಿ ಹೆಸರು ಬರದಿದ್ದಾಗ, ಪರೀಕ್ಷೆಯ ಪಟ್ಟಿಯಲ್ಲಿ ನಂಬರ್ ಇಲ್ಲದಿದ್ದಾಗ ನಾವು ಗೆಳೆಯರು ಥಟ್ಟನೆ ವೈರಾಗ್ಯದ ಮಾತಾಡುತ್ತೇವೆ. ಇದೆಲ್ಲ ಬೇಡವೇ ಬೇಡ ಅನ್ನುತ್ತೇವೆ. ಆದರೆ ಮಾರಸಿಂಹ ಬಿಟ್ಟದ್ದು ಆಳಿದ ರಾಜ್ಯವನ್ನು, ಬಾಹುಬಲಿ ಬಿಟ್ಟದ್ದು ಗೆದ್ದ ರಾಜ್ಯವನ್ನು. ಕೈಯಲ್ಲಿ ಇನ್ನೂ ಏನೂ ಇಲ್ಲದ ನಮಗೆ ಬಿಡುವುದಕ್ಕೆ ಏನಿದೆ? ಸದ್ಯಕ್ಕೆ ನಮಗೆ ಒಪ್ಪುವುದು ದಂಡನಾಯಕನ ದಾರಿಯೇ.