ಮಿದುಳಿನ ನಕ್ಷೆ ಬರೆದ ಬ್ರಾಡ್‌ಮನ್

ಮಕ್ಕಳೇ, ನಕ್ಷೆಯಲ್ಲಿ ಜಿಲ್ಲೆಗಳ ಗಡಿಗಳನ್ನು ನೀವು ನೋಡಿದ್ದೀರಿ. ಮಿದುಳಿಗೂ ಅಂತಹ ನಕ್ಷೆ ಇದೆ ಎಂದರೆ ಅಚ್ಚರಿಯೇ? ಅದನ್ನು ರಚಿಸಿದವರು ಜರ್ಮನಿಯ ವೈದ್ಯ ಕೊರ್ಬಿನಿಯನ್ ಬ್ರಾಡ್‌ಮನ್.

1868ರಲ್ಲಿ ಲಿಗ್ಗರ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು, 1901ರಲ್ಲಿ ಬರ್ಲಿನ್‌ನ ಪ್ರಯೋಗಾಲಯ ಸೇರಿದರು. ಮನುಷ್ಯರ ಮತ್ತು ಕೋತಿ ಮುಂತಾದ ಪ್ರಾಣಿಗಳ ಮಿದುಳನ್ನು ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಮಿದುಳಿನ ಹೊರಪದರದಲ್ಲಿ ಜೀವಕೋಶಗಳ ಜೋಡಣೆ ಎಲ್ಲೆಡೆ ಒಂದೇ ರೀತಿ ಇರಲಿಲ್ಲ. ಜೋಡಣೆ ಬದಲಾದಲ್ಲಿ ಗಡಿ ಎಳೆದು, ಪ್ರತಿ ಭಾಗಕ್ಕೂ ಸಂಖ್ಯೆ ಕೊಟ್ಟರು. ಸಂಖ್ಯೆಗಳು 52ರವರೆಗೆ ಹೋದವು. ಕೆಲವು ಪ್ರಾಣಿಗಳಿಗೆ ಮಾತ್ರ ಸೇರಿದವು. ಬರ್ಲಿನ್ ವಿಶ್ವವಿದ್ಯಾಲಯ ಅವರ ಪ್ರಬಂಧವನ್ನು ತಿರಸ್ಕರಿಸಿತು. ಆದರೂ ಅವರು ಕೈಚೆಲ್ಲಲಿಲ್ಲ. 1909ರಲ್ಲಿ ಅವರ ಪುಸ್ತಕ ಪ್ರಕಟವಾಯಿತು.

ಇಂದಿಗೂ ವಿಜ್ಞಾನಿಗಳು ಆ ಸಂಖ್ಯೆಗಳನ್ನು ಬಳಸುತ್ತಾರೆ. 17ನೆಯ ಭಾಗ ನೋಟಕ್ಕೆ, 4ನೆಯದು ಕೈಕಾಲುಗಳ ಚಲನೆಗೆ ಮುಖ್ಯ. ಎಂಆರ್‌ಐ ಯಂತ್ರ ತೆಗೆದ ಚಿತ್ರವನ್ನು ಕಂಪ್ಯೂಟರ್ ಇಂತಹ ನಕ್ಷೆಗೆ ಹೊಂದಿಸಿ, ಯಾವ ಭಾಗದಲ್ಲಿ ಚಟುವಟಿಕೆ ಇತ್ತೆಂದು ಹೇಳುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಸಾಮಾನ್ಯ ಎಂಆರ್‌ಐ ಚಿತ್ರದಲ್ಲಿ ಜೀವಕೋಶಗಳು ಕಾಣುವುದಿಲ್ಲ. ಗಡಿಗಳೂ ಒಬ್ಬರಿಂದ ಒಬ್ಬರಿಗೆ ಸ್ವಲ್ಪ ಬೇರೆಯಾಗುತ್ತವೆ. ಒಬ್ಬರ ಅಳತೆಗೆ ಹೊಲಿದ ಅಂಗಿ ಎಲ್ಲರಿಗೂ ಸರಿಹೊಂದೀತೇ? ಹಾಗಾಗಿ 17 ಎಂದು ಉತ್ತರ ಬಂದರೆ, ಬಹುಶಃ ಅಲ್ಲೇ ಎಂದು ತಿಳಿಯಬೇಕು. ಒಂದು ಭಾಗಕ್ಕೆ ಒಂದೇ ಕೆಲಸ ಎಂದೂ ಭಾವಿಸಬಾರದು.

ಬ್ರಾಡ್‌ಮನ್ 1918ರಲ್ಲಿ ಮ್ಯೂನಿಕ್‌ನಲ್ಲಿ ಸೋಂಕಿನಿಂದ ತೀರಿಕೊಂಡರು. ಆಗ ಅವರಿಗೆ ಕೇವಲ 49 ವರ್ಷ. ಅವರು ಕೊಟ್ಟ ಸಂಖ್ಯೆಗಳು ಮಾತ್ರ ಇಂದಿಗೂ ಮಿದುಳಿನ ವಿಜ್ಞಾನಿಗಳಿಗೆ ದಾರಿ ತೋರುತ್ತಿವೆ.