ಶ್ರೀಮತಿ ಸರೋಜಿನಿ ನಾಯಿಡು

1947ನೆಯ ಇಸವಿ ಆಗಸ್ಟ್ 15ರಂದು ಭಾರತವು ಸ್ವತಂತ್ರವಾಯಿತು. ಆ ದಿನವೇ ಲಖನೌ ನಗರದಲ್ಲಿ ಸಂಯುಕ್ತ ಪ್ರಾಂತ್ಯದ ರಾಜ್ಯಪಾಲರಾಗಿ ಅರವತ್ತೆಂಟು ವರ್ಷ ವಯಸ್ಸಿನ ಒಬ್ಬ ಮಹಿಳೆ ಅಧಿಕಾರ ಸ್ವೀಕರಿಸಿದರು. ಅದುವರೆಗೆ ಆಂಗ್ಲ ಅಧಿಕಾರಿಗಳು ವಾಸವಾಗಿದ್ದ ಆ ಭವ್ಯ ಸೌಧವನ್ನು, ಅದೇ ಆಂಗ್ಲ ಸರಕಾರದ ಸೆರೆಮನೆಗಳಲ್ಲಿ ದಿನಗಳನ್ನು ಕಳೆದಿದ್ದ ಕವಯಿತ್ರಿಯೊಬ್ಬರು ಪ್ರವೇಶಿಸಿದರು. ಅವರೇ ಶ್ರೀಮತಿ ಸರೋಜಿನಿ ನಾಯಿಡು. ಸ್ವತಂತ್ರ ಭಾರತದಲ್ಲಿ ರಾಜ್ಯಪಾಲ ಪದವಿಯನ್ನು ಅಲಂಕರಿಸಿದ ಮೊದಲ ಮಹಿಳೆ ಅವರು.

ಸರೋಜಿನಿಯವರು 1879ನೆಯ ಇಸವಿ ಫೆಬ್ರವರಿ 13ರಂದು ಹೈದರಾಬಾದಿನಲ್ಲಿ ಜನಿಸಿದರು. ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಬಂಗಾಳದವರು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನವನ್ನು ವ್ಯಾಸಂಗ ಮಾಡಿ ಡಾಕ್ಟರೇಟ್ ಪಡೆದ ವಿದ್ವಾಂಸರು. ಮುಂದೆ ನಿಜಾಂ ಕಾಲೇಜೆಂದು ಹೆಸರಾದ ವಿದ್ಯಾಸಂಸ್ಥೆಯನ್ನು ಹೈದರಾಬಾದಿನಲ್ಲಿ ಸ್ಥಾಪಿಸಿದವರು ಅವರೇ. ತಾಯಿ ವರದಾಸುಂದರಿ ದೇವಿಯವರು ಬಂಗಾಳಿಯಲ್ಲಿ ಕವಿತೆಗಳನ್ನು ರಚಿಸುತ್ತಿದ್ದರು. ಮಗಳು ಗಣಿತಜ್ಞೆ ಅಥವಾ ವಿಜ್ಞಾನಿಯಾಗಬೇಕೆಂಬುದು ತಂದೆಯ ಹಂಬಲವಾಗಿತ್ತು. ಆದರೆ ಹನ್ನೊಂದನೆಯ ವಯಸ್ಸಿನಲ್ಲಿ ಬೀಜಗಣಿತದ ಲೆಕ್ಕವೊಂದು ಬಿಡಿಸಲಾರದೆ ಕುಳಿತಿದ್ದ ಬಾಲಕಿಯ ಮನಸ್ಸಿನಲ್ಲಿ ಲೆಕ್ಕದ ಉತ್ತರಕ್ಕೆ ಬದಲಾಗಿ ಕವಿತೆಯೊಂದು ಮೂಡಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಇಲ್ಲಿ ನಿಜವಾಯಿತು. ಹನ್ನೆರಡನೆಯ ವಯಸ್ಸಿಗೆ ಆಕೆ ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎಲ್ಲರನ್ನೂ ಬೆರಗುಗೊಳಿಸಿದಳು.

ಬಾಲಕಿಯ ಪ್ರತಿಭೆಯನ್ನು ಮೆಚ್ಚಿದ ಹೈದರಾಬಾದಿನ ನಿಜಾಮರು ವಿದ್ಯಾರ್ಥಿವೇತನ ನೀಡಿದರು. 1895ರಲ್ಲಿ ಇಂಗ್ಲೆಂಡಿಗೆ ತೆರಳಿದ ಸರೋಜಿನಿಯವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿಯೂ ಕೇಂಬ್ರಿಜ್ಜಿನ ಗರ್ಟನ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಅಲ್ಲಿ ಎಡ್ಮಂಡ್ ಗಾಸ್ ಎಂಬ ವಿಮರ್ಶಕರು ಅವರ ಕವಿತೆಗಳನ್ನು ಓದಿ ಹಿತವಚನವೊಂದನ್ನು ಹೇಳಿದರು. ಇಂಗ್ಲೆಂಡಿನ ಹಕ್ಕಿಗಳನ್ನೂ ಹೂಗಳನ್ನೂ ಹಾಡುವುದನ್ನು ಬಿಟ್ಟು ತಮ್ಮ ನಾಡಿನ ಬೆಟ್ಟ, ಹೊಲ, ದೇವಾಲಯ, ಜನಜೀವನಗಳನ್ನು ಹಾಡಬೇಕೆಂಬುದೇ ಅದರ ಸಾರ. ಸರೋಜಿನಿಯವರು ಈ ಮಾತನ್ನು ಶಿರಸಾವಹಿಸಿದರು. ತಾವು ಬರೆದುದನ್ನು ಹರಿದುಹಾಕಿ ಮತ್ತೆ ಬರೆಯತೊಡಗಿದರು. ಪಲ್ಲಕ್ಕಿ ಹೊರುವವರು, ನೇಕಾರರು, ಬಳೆಗಾರರು, ಬೆಸ್ತರು ಅವರ ಕವಿತೆಗಳಲ್ಲಿ ಕಾಣಿಸಿಕೊಂಡರು. 1905ರಲ್ಲಿ ‘ದಿ ಗೋಲ್ಡನ್ ಥ್ರೆಷೋಲ್ಡ್’ ಎಂಬ ಮೊದಲ ಸಂಕಲನವೂ 1912ರಲ್ಲಿ ‘ದಿ ಬರ್ಡ್ ಆಫ್ ಟೈಮ್’ ಎಂಬುದೂ 1917ರಲ್ಲಿ ‘ದಿ ಬ್ರೋಕನ್ ವಿಂಗ್’ ಎಂಬುದೂ ಪ್ರಕಟವಾದವು. ಭಾರತದ ಕೋಗಿಲೆ ಎಂಬ ಬಿರುದು ಅವರಿಗೆ ಸಂದಿತು.

1898ರಲ್ಲಿ ಸ್ವದೇಶಕ್ಕೆ ಮರಳಿದ ಅವರು ವೈದ್ಯರಾಗಿದ್ದ ಗೋವಿಂದರಾಜುಲು ನಾಯಿಡು ಅವರನ್ನು ವಿವಾಹವಾದರು. ವರ ಬೇರೆ ಜಾತಿಯವರು, ಬೇರೆ ಪ್ರಾಂತ್ಯದವರು. ಅಂತಹ ವಿವಾಹವನ್ನು ಸಮಾಜವು ಸುಲಭವಾಗಿ ಒಪ್ಪದ ಕಾಲವದು. ಆದರೂ ಅವರ ಸಂಸಾರ ಸುಖವಾಗಿ ಸಾಗಿತು. 1908ರಲ್ಲಿ ಮೂಸಿ ನದಿಯ ಮಹಾಪೂರವು ಹೈದರಾಬಾದನ್ನು ಧ್ವಂಸಮಾಡಿದಾಗ ಸರೋಜಿನಿಯವರು ಸಂತ್ರಸ್ತರ ಸೇವೆಗೆ ಧಾವಿಸಿದರು. ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. 1919ರಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ನಡೆದ ಮೇಲೆ ಅವರು ಆ ಪದಕವನ್ನು ಹಿಂದಿರುಗಿಸಿದರು.

ಗೋಪಾಲಕೃಷ್ಣ ಗೋಖಲೆಯವರ ಪ್ರೇರಣೆಯಿಂದ ಅವರು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. 1914ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯವರನ್ನು ಮೊದಲ ಬಾರಿಗೆ ಕಂಡರು. ನೆಲದ ಮೇಲೆ ಕುಳಿತು ಮರದ ಬಟ್ಟಲಿನಿಂದ ಸಪ್ಪೆ ಆಹಾರವನ್ನು ಸೇವಿಸುತ್ತಿದ್ದ ಆ ಸರಳ ವ್ಯಕ್ತಿಯನ್ನು ಕಂಡು ಅವರಿಗೆ ನಗು ಬಂದಿತು, ಗಾಂಧೀಜಿಯವರೂ ನಕ್ಕರು. ಅಂದು ಆರಂಭವಾದ ಸ್ನೇಹ ಗಾಂಧೀಜಿಯವರ ಕೊನೆಯ ದಿನದವರೆಗೂ ಉಳಿಯಿತು.

ಹಿಂದೂ ಮುಸಲ್ಮಾನರ ಐಕ್ಯವು ಸರೋಜಿನಿಯವರ ಬಾಳಿನ ದೊಡ್ಡ ಕನಸಾಗಿತ್ತು. ಉರ್ದು ಭಾಷೆಯ ಸೊಗಸನ್ನೂ ಎರಡು ಮತಗಳವರ ಒಡನಾಟವನ್ನೂ ಬಾಲ್ಯದಿಂದಲೇ ಕಂಡು ಬೆಳೆದವರು ಅವರು. 1913ರಲ್ಲಿ ಲಖನೌದಲ್ಲಿ ಸೇರಿದ ಮುಸ್ಲಿಂ ಲೀಗಿನ ಸಭೆಯಲ್ಲಿ ಅವರು ಮಾತನಾಡಿದರು. 1916ರಲ್ಲಿ ಅದೇ ನಗರದಲ್ಲಿ ಕಾಂಗ್ರೆಸ್ ಮತ್ತು ಲೀಗ್ ಒಪ್ಪಂದಕ್ಕೆ ಬಂದಾಗ ಅವರ ಸಂತೋಷಕ್ಕೆ ಪಾರವಿರಲಿಲ್ಲ. 1924ರ ಬೆಳಗಾವಿ ಅಧಿವೇಶನದಲ್ಲಿ ಗಾಂಧೀಜಿಯವರು ವಹಿಸಿದ್ದ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಯು, ಮರುವರ್ಷ ಕಾನ್ಪುರದಲ್ಲಿ ಸರೋಜಿನಿಯವರಿಗೆ ಲಭಿಸಿತು. ಆ ಸ್ಥಾನಕ್ಕೆ ಏರಿದ ಮೊದಲ ಭಾರತೀಯ ಮಹಿಳೆ ಅವರು.

ಅವರ ಧೈರ್ಯದ ಕಠಿಣ ಪರೀಕ್ಷೆ ನಡೆದುದು 1930ರಲ್ಲಿ. ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರೂ ಭಾಗವಹಿಸಬೇಕೆಂದು ವಾದಿಸಿದವರಲ್ಲಿ ಅವರ ಸೋದರನ ಪತ್ನಿ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಮುಖರು. ಮೇ 5ರಂದು ಸರಕಾರವು ಗಾಂಧೀಜಿಯವರನ್ನು ಬಂಧಿಸಿತು. ಅವರ ಸ್ಥಾನದಲ್ಲಿ ನಿಂತ ವೃದ್ಧ ಅಬ್ಬಾಸ್ ತ್ಯಾಬ್ಜಿಯವರೂ ಬಂಧಿತರಾದರು. ಆಗ ಗುಜರಾತಿನ ಧಾರಾಸಣಾದ ಉಪ್ಪಿನ ಆಗರಗಳತ್ತ ಸತ್ಯಾಗ್ರಹಿಗಳನ್ನು ನಡೆಸುವ ಹೊಣೆ ಸರೋಜಿನಿಯವರ ಪಾಲಿಗೆ ಬಂದಿತು. ಮೇ 21ರಂದು ಸುಮಾರು 2,500 ಮಂದಿ ಸ್ವಯಂಸೇವಕರು ಅಲ್ಲಿ ಸೇರಿದರು. ಪ್ರಾರ್ಥನೆಯಾದ ಬಳಿಕ ಸರೋಜಿನಿಯವರು ಅವರಿಗೆ ಆದೇಶವೊಂದನ್ನು ಕೊಟ್ಟರು. ಪೊಲೀಸರು ಹೊಡೆದಾಗ ತಿರುಗಿ ಹೊಡೆಯಬಾರದು. ಅಷ್ಟೇ ಅಲ್ಲ, ಏಟನ್ನು ತಡೆಯುವುದಕ್ಕೂ ಕೈಯೆತ್ತಬಾರದು. ಸಾಲು ಸಾಲಾಗಿ ಮುಂದೆ ಸಾಗಿದ ಸ್ವಯಂಸೇವಕರ ಮೇಲೆ ಲಾಠಿಗಳು ಬಿದ್ದವು. ಒಂದು ಸಾಲು ಉರುಳಿದರೆ ಇನ್ನೊಂದು ಸಾಲು ಮುನ್ನಡೆಯಿತು. ಯಾರೂ ಕೈಯೆತ್ತಲಿಲ್ಲ. ಅಂದೇ ಸರೋಜಿನಿಯವರನ್ನು ಬಂಧಿಸಲಾಯಿತು. ವೆಬ್ ಮಿಲ್ಲರ್ ಎಂಬ ಅಮೆರಿಕನ್ ವರದಿಗಾರನು ಕಣ್ಣಾರೆ ಕಂಡು ಬರೆದ ವರದಿಯಿಂದ ಈ ಸುದ್ದಿ ಜಗತ್ತಿಗೆಲ್ಲ ತಿಳಿಯಿತು.

1931ರಲ್ಲಿ ಅವರು ಗಾಂಧೀಜಿಯವರೊಡನೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಪಾಲ್ಗೊಂಡರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮತ್ತೆ ಬಂಧಿತರಾಗಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಗಾಂಧೀಜಿ ಮತ್ತು ಕಸ್ತೂರಬಾ ಅವರೊಡನೆ ಸೆರೆವಾಸ ಅನುಭವಿಸಿದರು. ದೇಹವು ರೋಗದಿಂದ ಬಳಲಿದರೂ ಅವರ ವಿನೋದ ಪ್ರವೃತ್ತಿ ಬಾಡಲಿಲ್ಲ. ಈ ಹೋರಾಟದ ವರ್ಷಗಳಲ್ಲಿ ಅವರ ಲೇಖನಿ ಬಹುಮಟ್ಟಿಗೆ ಮೌನವಾಯಿತು. 1917ರ ಬಳಿಕ ಅವರ ಜೀವಿತಕಾಲದಲ್ಲಿ ಹೊಸ ಕವಿತೆಗಳ ಸಂಕಲನ ಹೊರಬರಲಿಲ್ಲ. ನಾಡಿಗಾಗಿ ಅವರು ಮಾಡಿದ ತ್ಯಾಗಗಳಲ್ಲಿ ಇದೂ ಒಂದು.

ಸ್ವಾತಂತ್ರ್ಯವೇನೋ ಬಂದಿತು, ಆದರೆ ಅದರೊಡನೆ ದೇಶದ ವಿಭಜನೆಯೂ ಬಂದಿತು. ಐಕ್ಯದ ಒಪ್ಪಂದವನ್ನು ಕಂಡ ಲಖನೌ ನಗರಕ್ಕೇ ಸರೋಜಿನಿಯವರು ವಿಭಜನೆಯ ದಿನಗಳಲ್ಲಿ ರಾಜ್ಯಪಾಲರಾಗಿ ಬಂದುದು ವಿಧಿಯ ವಿಚಿತ್ರವೇ ಸರಿ. ಆ ಪದವಿಗೆ ಮೊದಲು ಗೊತ್ತಾಗಿದ್ದವರು ಡಾಕ್ಟರ್ ಬಿಧನಚಂದ್ರ ರಾಯರು. ಅವರು ಕಣ್ಣಿನ ಚಿಕಿತ್ಸೆಗಾಗಿ ವಿದೇಶದಲ್ಲಿದ್ದುದರಿಂದ ಸರೋಜಿನಿಯವರು ತಾತ್ಕಾಲಿಕವಾಗಿ ಒಪ್ಪಿಕೊಂಡರು. ಬಳಿಕ ಅವರೇ ಮುಂದುವರಿದರು. ಪದವಿಯ ಮೋಹ ಅವರಿಗಿರಲಿಲ್ಲ. ಸ್ವಚ್ಛಂದವಾಗಿ ಹಾರಾಡಿದ ಹಕ್ಕಿ ಪಂಜರಕ್ಕೆ ಬಂದಂತಾಯಿತೆಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡರು. ಆಡಳಿತದ ಅಧಿಕಾರವು ಗೋವಿಂದ ವಲ್ಲಭ ಪಂತರ ಮಂತ್ರಿಮಂಡಲದ ಕೈಯಲ್ಲಿತ್ತು. ರಾಜ್ಯಪಾಲರಿಗೆ ಉಳಿದುದು ಸಲಹೆ, ಸಾಂತ್ವನ ಮತ್ತು ಸ್ನೇಹ. ಮತದ್ವೇಷದ ಆ ದಿನಗಳಲ್ಲಿ ಅವುಗಳ ಬೆಲೆ ಸಣ್ಣದಾಗಿರಲಿಲ್ಲ. ಎಲ್ಲ ಮತಗಳವರನ್ನೂ ಅವರು ಸಮಾನ ಪ್ರೀತಿಯಿಂದ ಕಂಡರು.

1948ರ ಜನವರಿ 30ರಂದು ಗಾಂಧೀಜಿಯವರು ಹತ್ಯೆಗೀಡಾದರು. ಎರಡು ದಿನಗಳ ಬಳಿಕ ಸರೋಜಿನಿಯವರು ಆಕಾಶವಾಣಿಯಲ್ಲಿ ಮಾತನಾಡಿದರು. ಬರಿದೆ ಅಳುತ್ತ ಕುಳಿತುಕೊಳ್ಳದೆ ಗಾಂಧೀಜಿಯವರ ಸಂದೇಶವನ್ನು ಮುಂದುವರಿಸಬೇಕೆಂದು ಜನತೆಗೆ ಕರೆಯಿತ್ತರು.

1949ರ ಮಾರ್ಚ್ 2ರಂದು ಅಧಿಕಾರದಲ್ಲಿರುವಾಗಲೇ ಲಖನೌದಲ್ಲಿ ಅವರು ದಿವಂಗತರಾದರು. ಕೊನೆಯ ರಾತ್ರಿ ತಮ್ಮ ಶುಶ್ರೂಷಕಿಯಿಂದ ಹಾಡು ಹಾಡಿಸಿ ಕೇಳಿದರೆಂದು ಹೇಳುತ್ತಾರೆ. ಮಗಳು ಪದ್ಮಜಾ ನಾಯಿಡು ಅವರು 1956ರಲ್ಲಿ ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. ತಾಯಿಯ ಅಪ್ರಕಟಿತ ಕವಿತೆಗಳನ್ನು 1961ರಲ್ಲಿ ಪ್ರಕಟಿಸಿದವರೂ ಅವರೇ. ಹೈದರಾಬಾದಿನ ಅವರ ಮನೆಯಲ್ಲಿ 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾನಿಲಯವು ತನ್ನ ಕಾರ್ಯವನ್ನು ಆರಂಭಿಸಿತು. ಸರೋಜಿನಿಯವರ ಜನ್ಮದಿನವನ್ನು ಭಾರತದಲ್ಲಿ ರಾಷ್ಟ್ರೀಯ ಮಹಿಳಾ ದಿನವೆಂದು ಆಚರಿಸಲಾಗುತ್ತದೆ. ಇಂಪಾಗಿ ಹಾಡಬಲ್ಲ ಕಂಠವು ಸಮಯ ಬಂದಾಗ ಅನ್ಯಾಯವನ್ನು ಎದುರಿಸಲೂ ಬಲ್ಲುದೆಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿದೆ.